ಪರದೆಯ ಮೇಲಿನ ಯೆಹೂದಿ ಊಟವನ್ನು ನೋಡುವ ಬಗೆ

ಯೆಹೂದಿ ಮನೆತನದ ಕಥೆಯಿರುವ ಸಿನಿಮಾ ಹಾಕಿದಾಗ ತಟ್ಟೆಯಲ್ಲಿ ಏನಿದೆ ಎಂದು ಹುಡುಕುವ ಮೊದಲು ತಟ್ಟೆಯ ಸುತ್ತಲಿನ ಕೈಗಳನ್ನು ನೋಡಿ. ಯಾರು ಬಡಿಸುತ್ತಿದ್ದಾರೆ, ಯಾರು ಬೇಡ ಎಂದರು, ಯಾರಿಗಾಗಿ ಕಾದರು, ಯಾರು ಕಾಯದೆ ಶುರು ಮಾಡಿದರು? ನಿರ್ದೇಶಕರು ಹೇಳಬೇಕಾದ್ದರಲ್ಲಿ ಅರ್ಧ ಅಲ್ಲೇ ಇರುತ್ತದೆ. ಬೇಗಲ್ (ನಡುವೆ ತೂತಿರುವ ಬ್ರೆಡ್ಡು), ಉಪ್ಪಿನಕಾಯಿ, ಬ್ರಿಸ್ಕೆಟ್ (ದನದ ಎದೆಮಾಂಸ) ಎಂದು ಪದಾರ್ಥಗಳ ಹೆಸರು ಕಲಿತರೆ ಇದು ಸಿಗುವುದಿಲ್ಲ.

ನಾನು ಥಾಣೆಯವಳು. ಅಪ್ಪ ಕುಂದಾಪುರದ ಕಡೆಯಿಂದ ಬಂದು ಫೋರ್ಟಿನ ಹೋಟೆಲೊಂದರ ಗಲ್ಲಾದಲ್ಲಿ ಕೂತು ನಮ್ಮನ್ನು ಓದಿಸಿದವರು. ನಮ್ಮ ಸೊಸೈಟಿಯ ಮತ್ತು ಅಕ್ಕಪಕ್ಕದ ಕನ್ನಡದವರು ಭಾನುವಾರ ಸಂಜೆ ಒಬ್ಬರಲ್ಲ ಒಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡುತ್ತೇವೆ. ಚಿತ್ರ ಆರಿಸುವುದು, ತಿಂಡಿ ಏನೆಂದು ನಿರ್ಧರಿಸುವುದು ನನ್ನ ಪಾಲಿಗೆ ಬಂದಿದೆ. ಮೇಲಿನ ಮಹಡಿಯಲ್ಲಿ ಕೊಂಕಣದ ಯೆಹೂದಿಗಳಾದ ಬೆನೆ ಇಸ್ರೇಲ್ ಸಮುದಾಯದ ಮಾವಶಿಯೊಬ್ಬರಿದ್ದಾರೆ. ಮನೆಮಾತು ಮರಾಠಿ, ಹಬ್ಬಗಳು ಯೆಹೂದಿಯವು. ಅವರ ಅಡುಗೆಮನೆಯಲ್ಲಿ ಕೂತು ಕೇಳಿ ತಿಳಿದದ್ದೂ ಪರದೆಯ ಮೇಲೆ ಕಂಡದ್ದೂ ಸೇರಿ ಈ ಬರಹ ಆಗಿದೆ. ಡೊಂಬಿವಲಿ, ಮುಲುಂಡ್, ಪುಣೆ, ಎಲ್ಲಿದ್ದರೂ ನಾಲ್ಕು ಜನ ಸೇರಿದರೆ ನೀವೂ ಇದನ್ನು ಮಾಡಬಹುದು.

ಮೊದಲು ಪಥ್ಯ ತಿಳಿಯಿರಿ

ಸಿನಿಮಾಕ್ಕೆ ಮುಂಚೆ ಹತ್ತು ನಿಮಿಷ ಇದಕ್ಕೆ ಕೊಡಿ. ಯೆಹೂದಿ ಆಹಾರ ನಿಯಮಕ್ಕೆ ಸರಿಹೊಂದಿದ್ದು ಕೋಷರ್. ಮೆಲುಕು ಹಾಕುವ, ಗೊರಸು ಸೀಳಿರುವ ಪ್ರಾಣಿ ಸಲ್ಲುತ್ತದೆ: ಕುರಿ, ಆಡು, ದನ. ಹಂದಿ ಸಲ್ಲದು. ನೀರಿನ ಜೀವಿಗಳಲ್ಲಿ ರೆಕ್ಕೆ, ಪೊರೆ ಎರಡೂ ಇರುವ ಮೀನು ಮಾತ್ರ ಸಲ್ಲುತ್ತದೆ. ಅಂದರೆ ಬಂಗುಡೆ ಆಗುತ್ತದೆ. ಸಿಗಡಿ, ಏಡಿ, ಮರುವಾಯಿ ಆಗುವುದಿಲ್ಲ. ಮಾಂಸದ ರಕ್ತವನ್ನು ನೀರಲ್ಲಿ ನೆನೆಸಿ, ಉಪ್ಪು ಹಚ್ಚಿಟ್ಟು ತೆಗೆಯಬೇಕು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಒಲೆ ಹಚ್ಚುವಂತಿಲ್ಲ. ಹಾಗಾಗಿ ಆ ಊಟ ಮೊದಲೇ ಬೆಂದಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮಾಂಸ ಮತ್ತು ಹಾಲನ್ನು ಬೇರೆ ಇಡುವ ನಿಯಮ. ಮರಿಯನ್ನು ತಾಯಿಯ ಹಾಲಿನಲ್ಲಿ ಬೇಯಿಸಬಾರದು ಎಂಬ ಮಾತು ಅವರ ಧರ್ಮಗ್ರಂಥ ತೋರಾದಲ್ಲಿ ಮೂರು ಸಲ ಬರುತ್ತದೆ. ಅದರಿಂದ ಬೆಳೆದ ಆಚಾರದಲ್ಲಿ ಎರಡಕ್ಕೂ ಪಾತ್ರೆ ಬೇರೆ, ತಟ್ಟೆ ಬೇರೆ, ಚಮಚ ಬೇರೆ. ಮುಸುರೆ ನೋಡಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಮೊಸರಿನ ಗಡಿಗೆಗೆ ಹಾಕಿದರೆ ಅಜ್ಜಿ ಕೋಣೆಯ ಆ ತುದಿಯಿಂದಲೇ ಕೂಗುತ್ತಿದ್ದರಲ್ಲ, ಅದೇ ಎಚ್ಚರ. ನಮ್ಮ ಗುಂಪಿನಲ್ಲಿ ಈ ಒಂದು ಹೋಲಿಕೆ ಕೊಟ್ಟ ಮೇಲೆ ಪರದೆಯಲ್ಲಿ ಯಾರಾದರೂ ಬೇರೆ ಡ್ರಾಯರಿನಿಂದ ಚಮಚ ತೆಗೆದರೂ ಎಲ್ಲರಿಗೂ ಕಾಣಿಸುತ್ತದೆ.

ನೋಡುವ ಕ್ರಮ

ಮೊದಲ ಸಲ ನಿಲ್ಲಿಸದೆ ಇಡೀ ಚಿತ್ರ ನೋಡಿ. ಆಮೇಲೆ ಊಟದ ದೃಶ್ಯವೊಂದನ್ನು ಆಯ್ದು ದನಿ ಪೂರ್ತಿ ಆರಿಸಿ ಮತ್ತೆ ಹಾಕಿ. ಮಾತಿಲ್ಲದಿದ್ದರೆ ಕಣ್ಣು ತಾನಾಗಿ ಕೈಗಳ ಮೇಲೆ ಹೋಗುತ್ತದೆ. ಇಂಗ್ಲಿಷ್ ಉಪಶೀರ್ಷಿಕೆ ಓದಲು ಕಷ್ಟಪಡುವ ಹಿರಿಯರು ನಮ್ಮಲ್ಲಿ ಇದ್ದಾರೆ; ಈ ಎರಡನೇ ನೋಟದಲ್ಲಿ ಬಹಳ ಸಲ ಅವರೇ ಮೊದಲು ಮಾತಾಡುತ್ತಾರೆ. ಆಮೇಲೆ ಒಂದು ಪ್ರಶ್ನೆ ಕೇಳಿ: ಇಲ್ಲಿ ಮುರಿದದ್ದು ಅಥವಾ ಉಳಿದದ್ದು ದೇವರ ನಿಯಮವೋ, ಮನೆಯ ರೂಢಿಯೋ? ಇಡೀ ಚರ್ಚೆಗೆ ಈ ಒಂದು ಪ್ರಶ್ನೆ ಸಾಕು.

1977ರ 'ಆನಿ ಹಾಲ್' ಚಿತ್ರದಿಂದ ಶುರು ಮಾಡಿ, ಏಕೆಂದರೆ ಈ ವ್ಯತ್ಯಾಸ ಅದರಲ್ಲಿ ಎದ್ದು ಕಾಣುತ್ತದೆ. ನ್ಯೂಯಾರ್ಕಿನ ಯೆಹೂದಿ ಡೆಲಿಯಲ್ಲಿ, ಅಂದರೆ ಮಾಂಸದ ಸ್ಯಾಂಡ್ವಿಚ್ ಸಿಗುವ ಹೋಟೆಲಿನಲ್ಲಿ, ಕಥಾನಾಯಕ ಯೆಹೂದಿ ಆಲ್ವಿ ಉಪ್ಪಲ್ಲಿ ನೆನೆಸಿದ ದನದ ಮಾಂಸ ಕಾರ್ನ್ಡ್ ಬೀಫ್ ಹೇಳುತ್ತಾನೆ. ಅವನ ಗೆಳತಿ, ಯೆಹೂದಿಯಲ್ಲದ ಆನಿ, ಮಸಾಲೆ ಹಚ್ಚಿ ಹೊಗೆಯಾಡಿಸಿದ ದನದ ಮಾಂಸ ಪಾಸ್ಟ್ರಾಮಿಯನ್ನು ಬಿಳಿ ಬ್ರೆಡ್ಡಿನಲ್ಲಿ, ಮೇಯನೇಸ್, ಟೊಮೇಟೊ, ಲೆಟ್ಯೂಸ್ ಹಾಕಿ ಕೊಡಿ ಎನ್ನುತ್ತಾಳೆ. ಅವನ ಮುಖ ನೋಡಿ. ಪಾಸ್ಟ್ರಾಮಿಗೆ ರೈ ಎಂಬ ಧಾನ್ಯದ ಬ್ರೆಡ್ಡು, ಸಾಸಿವೆ ಎಂಬುದು ಅಲ್ಲಿನ ಕ್ರಮ. ಮೇಯನೇಸ್ ಎಂದರೆ ಮೊಟ್ಟೆ ಮತ್ತು ಎಣ್ಣೆ. ಅದರಲ್ಲಿ ಹಾಲಿಲ್ಲ, ಆದ್ದರಿಂದ ತೋರಾದ ಯಾವ ನಿಯಮವೂ ಮುರಿದಿಲ್ಲ. ಆಲ್ವಿ ನಿಯಮ ಪಾಲಿಸುವವನೂ ಅಲ್ಲ. ಆದರೂ ಅವನ ಮುಖ ಹಿಂಡುತ್ತದೆ. ನಂಬಿಕೆ ಸಡಿಲವಾದ ಮೇಲೂ ನಾಲಿಗೆಯ ಮೇಲೆ ಮನೆತನ ಉಳಿದಿರುತ್ತದೆ. ಮುಂದೆ ಆನಿಯ ತವರಿನಲ್ಲಿ ಈಸ್ಟರ್ ಊಟಕ್ಕೆ ಹಂದಿಯ ಹ್ಯಾಮ್ ಬರುತ್ತದೆ. ಪರದೆ ಎರಡಾಗಿ ಸೀಳಿ, ಒಂದು ಕಡೆ ಅವರ ಮೆಲುದನಿಯ ಊಟ, ಇನ್ನೊಂದು ಕಡೆ ಆಲ್ವಿಯ ಮನೆಯ ಗದ್ದಲದ ಊಟ. ದನಿ ಆರಿಸಿ ನೋಡಬೇಕಾದ ದೃಶ್ಯ ಇದು. ಆ ಕಡೆ ಕೈಗಳು ಮಡಿಲಲ್ಲಿರುತ್ತವೆ, ಈ ಕಡೆ ಮೇಜಿನ ಮೇಲೆ ಒಂದರ ಮೇಲೊಂದು ಬೀಳುತ್ತವೆ.

ಅಮೆರಿಕದ ಟಿವಿಯಲ್ಲಿ ಈ ರೂಢಿಯ ಊಟ ಸಾಕಷ್ಟಿದೆ, ಅದರ ಮೇಲೆ ಹೆಚ್ಚು ಹೊತ್ತು ಕಳೆಯಬೇಕಿಲ್ಲ. 'ಸೈನ್‌ಫೆಲ್ಡ್' ಸರಣಿಯ 1996ರ ಒಂದು ಕಂತು ಪೂರ್ತಿ ಮಾರ್ಬಲ್ ರೈ ಬ್ರೆಡ್ಡಿನ ಸುತ್ತ ತಿರುಗುತ್ತದೆ: ಬೀಗರ ಮನೆಗೆ ಒಯ್ದ ಬ್ರೆಡ್ಡನ್ನು ಅವರು ಬಡಿಸಲಿಲ್ಲ ಎಂದು ಹುಡುಗನ ಅಪ್ಪ ವಾಪಸ್ ತರುತ್ತಾನೆ. 2017ರಲ್ಲಿ ಶುರುವಾದ 'ದಿ ಮಾರ್ವೆಲಸ್ ಮಿಸೆಸ್ ಮೇಸೆಲ್' ಮೊದಲ ಕಂತಿನಲ್ಲಿ ಮದುಮಗಳು ತನ್ನದೇ ಮದುವೆಯಲ್ಲಿ ಎದ್ದು ನಿಂತು ಎಗ್ ರೋಲಿನಲ್ಲಿ ಸಿಗಡಿ ಇದೆ ಎಂದುಬಿಡುತ್ತಾಳೆ, ಚಪ್ಪರ ಅಲ್ಲೋಲಕಲ್ಲೋಲವಾಗುತ್ತದೆ. ನಮ್ಮ ಕರಾವಳಿಯವರಿಗೆ ಸಿಗಡಿ ಎಂದರೆ ಔತಣ. ನಿಯಮ ಮೊದಲೇ ಹೇಳಿರದಿದ್ದರೆ ಆ ಗದ್ದಲ ಯಾಕೆಂದು ಗೊತ್ತಾಗುವುದಿಲ್ಲ.

ಬ್ಯಾರಿ ಲೆವಿನ್ಸನ್ ಅವರ 1990ರ 'ಅವಲಾನ್' ಚಿತ್ರವನ್ನು ಮಾತ್ರ ಬಿಡಬೇಡಿ. ಮನೆಬಿಟ್ಟು ಬಂದು ಊರು ಕಟ್ಟಿಕೊಂಡವರ ಮಕ್ಕಳಾದ ನಾವು, ಮುಂಬಯಿ ಕನ್ನಡಿಗರು, ನೋಡಲೇಬೇಕಾದ ಸಿನಿಮಾ ಇದು. ಪೂರ್ವ ಯುರೋಪಿನಿಂದ ಬಾಲ್ಟಿಮೋರಿಗೆ ಬಂದ ಅಣ್ಣತಮ್ಮಂದಿರ ಕುಟುಂಬ. ಥ್ಯಾಂಕ್ಸ್‌ಗಿವಿಂಗ್ ಎಂಬ ಅಮೆರಿಕನ್ ಹಬ್ಬದ ದಿನ ಎಲ್ಲರೂ ಒಟ್ಟಿಗೆ ಊಟ ಮಾಡುತ್ತಾರೆ. ಗೇಬ್ರಿಯಲ್ ದೊಡ್ಡಪ್ಪ ಪ್ರತಿ ವರ್ಷ ತಡ. ಅವನು ಬಂದ ಮೇಲೆಯೇ ಟರ್ಕಿ ಕೋಳಿ ಕತ್ತರಿಸುವುದು ರೂಢಿ. ಒಂದು ವರ್ಷ ಮಕ್ಕಳಿಗೆ ಹಸಿವೆಂದು ಅವನು ಬರುವ ಮುಂಚೆಯೇ ಕತ್ತರಿಸುತ್ತಾರೆ. ಅವನು ಬಾಗಿಲಲ್ಲಿ ನಿಂತು, ನಾನಿಲ್ಲದೆ ಟರ್ಕಿ ಕತ್ತರಿಸಿದಿರಾ ಎಂದು ಕೇಳಿ ತಿರುಗಿ ಹೋಗುತ್ತಾನೆ. ಕುಟುಂಬ ಅಲ್ಲಿಂದ ಒಡೆಯುತ್ತದೆ. ಟರ್ಕಿ ಯೆಹೂದಿ ಹಬ್ಬದ ಅಡುಗೆಯಲ್ಲ, ಥ್ಯಾಂಕ್ಸ್‌ಗಿವಿಂಗ್ ಯೆಹೂದಿ ಹಬ್ಬವಲ್ಲ, ಚಿತ್ರ 'ಯೆಹೂದಿ' ಎಂಬ ಮಾತನ್ನೂ ಹೆಚ್ಚು ಆಡುವುದಿಲ್ಲ. ಹಿರಿಯ ಬರುವ ತನಕ ಕಾಯುವುದೊಂದೇ ಅವರು ಹಳೆಯ ಊರಿನಿಂದ ತಂದು ಉಳಿಸಿಕೊಂಡದ್ದು. ಚಿತ್ರ ಮುಂದೆ ಹೋದಂತೆ ಆ ಉದ್ದ ಮೇಜು ಮಾಯವಾಗಿ, ಟಿವಿ ಮುಂದೆ ತಟ್ಟೆ ಹಿಡಿದು ಉಣ್ಣುವ ಪುಟ್ಟ ಸಂಸಾರ ಉಳಿಯುತ್ತದೆ. ಇದನ್ನು ನೋಡಿದ ಸಂಜೆ ನಮ್ಮಲ್ಲಿ ಚರ್ಚೆ ರಾತ್ರಿ ಊಟದ ಹೊತ್ತು ದಾಟಿತು. ಊರಿನ ನಾಗರಪಂಚಮಿಗೆ ಯಾರು ಹೋಗುವುದನ್ನು ಬಿಟ್ಟರು, ಯಾವಾಗ ಬಿಟ್ಟರು ಎಂಬ ಮಾತು ಒಂದೊಂದೇ ಹೊರಬಂತು.

ನಿಯಮವನ್ನು ಜೀವದಂತೆ ಕಾಪಾಡುವವರ ಚಿತ್ರಗಳು ಬೇರೆಯೇ ಬಗೆಯವು. ಅವುಗಳಲ್ಲಿ ನನಗೆ ಬಹಳ ಹಿಡಿಸಿದ್ದು 2004ರ ಇಸ್ರೇಲಿ ಚಿತ್ರ 'ಉಷ್ಪಿಝಿನ್'. ಯೆಹೂದಿಗಳ ಸುಗ್ಗಿ ಹಬ್ಬ ಸುಕ್ಕೋತ್‌ಗೆ ಎತ್ರೋಗ್ ಎಂಬ ಹಣ್ಣು ಬೇಕು. ನಮ್ಮ ಮಾದಲ ಹಣ್ಣಿನ ಜಾತಿ. ತಿನ್ನಲಿಕ್ಕಲ್ಲ, ಕೈಯಲ್ಲಿ ಹಿಡಿದು ಪ್ರಾರ್ಥಿಸಲಿಕ್ಕೆ. ಕಲೆಯಿಲ್ಲದ, ಊನವಿಲ್ಲದ ಹಣ್ಣಿಗೆ ಭಾರಿ ಬೆಲೆ. ಬಡವ ಮೋಶೆ ತನಗೆ ಅನಿರೀಕ್ಷಿತವಾಗಿ ಬಂದ ಹಣದಲ್ಲಿ ಬಲು ಚೆಂದದ ಎತ್ರೋಗ್ ಕೊಂಡು ತರುತ್ತಾನೆ. ಹಬ್ಬದಲ್ಲಿ ಅತಿಥಿಗಳನ್ನು ಸತ್ಕರಿಸುವುದೂ ಕರ್ತವ್ಯ. ಅವನ ಹಳೆಯ ಪರಿಚಯದ, ಜೈಲಿನಿಂದ ತಪ್ಪಿಸಿಕೊಂಡು ಬಂದ ಇಬ್ಬರು ಅತಿಥಿಗಳಾಗಿ ಕೂರುತ್ತಾರೆ. ಅವರಲ್ಲಿ ಒಬ್ಬ ಏನೂ ತಿಳಿಯದೆ ಆ ಹಣ್ಣನ್ನು ನಿಂಬೆಯೆಂದು ಕೊಯ್ದು ಸಲಾಡಿಗೆ ಹಿಂಡುತ್ತಾನೆ. ಚಾಕು ಹಣ್ಣಿಗೆ ಇಳಿಯುವಾಗ ನಮ್ಮ ಕೋಣೆಯಲ್ಲಿ ಎಲ್ಲರೂ ಅಯ್ಯೋ ಎಂದರು. ಮುಖ್ಯ ಪಾತ್ರಗಳಾದ ಗಂಡಹೆಂಡತಿಯಾಗಿ ನಟಿಸಿದವರು ಆಗ ನಿಜಜೀವನದಲ್ಲೂ ಗಂಡಹೆಂಡತಿಯಾಗಿದ್ದರು: ಶುಲಿ ರಾಂಡ್ ಮತ್ತು ಮಿಖಾಲ್ ಬತ್‌ಶೇವಾ ರಾಂಡ್. ಇಬ್ಬರೂ ನಿಷ್ಠಾವಂತ ಯೆಹೂದಿಗಳು. ಆ ಅಡುಗೆಮನೆ ಸೆಟ್ಟಿನಂತೆ ಕಾಣದಿರಲು ಅದೂ ಒಂದು ಕಾರಣವೆಂದು ನನ್ನ ನಂಬಿಕೆ.

'ದಿ ಕೇಕ್‌ಮೇಕರ್' (2017) ನೋಡುವಾಗ ಓವನ್ ಮೇಲೆ ಕಣ್ಣಿಡಿ. ಬರ್ಲಿನ್ನಿನ ಬೇಕರಿಯವನು ಜೆರುಸಲೇಮಿಗೆ ಬಂದು ಅನಾತ್ ಎಂಬವಳ ಕೆಫೆಯಲ್ಲಿ ಕೆಲಸಕ್ಕೆ ಸೇರುತ್ತಾನೆ. ಅವನು ಯೆಹೂದಿಯಲ್ಲ, ಓವನ್ ಮುಟ್ಟಬಾರದು, ಮುಟ್ಟಿದರೆ ಕೋಷರ್ ಪ್ರಮಾಣಪತ್ರ ಹೋಗುತ್ತದೆ ಎಂದು ಅವಳ ಮೈದುನ ಎಚ್ಚರಿಸುತ್ತಾನೆ. ಕೇಕನ್ನು ಊರೇ ಬಯಸುತ್ತದೆ, ಮಾಡಿದ ಕೈಯನ್ನು ಒಪ್ಪುವುದಿಲ್ಲ. ಅಡುಗೆಯವರ ಜಾತಿ ಕೇಳಿ ಊಟಕ್ಕೆ ಕೂತ ಸಮಾಜದಿಂದ ಬಂದ ನಮಗೆ ಈ ನೋವು ಹೊಸದಲ್ಲ, ಇದನ್ನು ಚರ್ಚೆಯಲ್ಲಿ ಬಾಯಿಬಿಟ್ಟು ಹೇಳಿ. 2020ರ 'ಅನ್‌ಆರ್ಥೊಡಾಕ್ಸ್' ಸರಣಿಯಲ್ಲಿ ಕಟ್ಟುನಿಟ್ಟಿನ ಸಮುದಾಯ ಬಿಟ್ಟು ಬರ್ಲಿನ್ನಿಗೆ ಓಡಿಬಂದ ಎಸ್ಟಿ ತಾನು ತಿಂದದ್ದು ಹ್ಯಾಮ್ ಎಂದು ತಿಳಿದು ವಾಂತಿ ಬರುವುದೆಂದು ಹೊರಗೆ ಓಡುತ್ತಾಳೆ. ಬರುವುದಿಲ್ಲ. ಅಲ್ಲಿ ಶಿರಾ ಹಾಸ್ ಅವರ ಮುಖವನ್ನೇ ನೋಡುತ್ತಿರಿ. ಇಸ್ರೇಲಿ ಸರಣಿ 'ಶ್ಟಿಸೆಲ್'ನಲ್ಲಿ ಇಷ್ಟು ದೊಡ್ಡ ಘಟನೆಗಳಿಲ್ಲ. ಒಂದು ಗುಟುಕು ನೀರಿಗೂ ಮುಂಚೆ ಮಂತ್ರ ಹೇಳುವ ತುಟಿಗಳಿವೆ, ಸಾಕು.

'ಷಿಂಡ್ಲರ್ಸ್ ಲಿಸ್ಟ್' (1993) ನಾಜಿಗಳು ನಡೆಸಿದ ಯೆಹೂದಿ ಹತ್ಯಾಕಾಂಡದ ಚಿತ್ರ. ಪೂರ್ತಿ ಹಾಕಬೇಕಾದರೆ ಬೇರೆ ದಿನ ಇಟ್ಟುಕೊಳ್ಳಿ, ತಿಂಡಿ ಬೇಡ. ಊಟದ ಪಾಠಕ್ಕೆ ಅದರ ಮೊದಲ ನಿಮಿಷಗಳೇ ಸಾಕು: ಶುಕ್ರವಾರದ ಸಂಜೆ, ದೀಪ, ದ್ರಾಕ್ಷಾರಸದ ಮೇಲೆ ಹೇಳುವ ಪ್ರಾರ್ಥನೆ. ಮೇಣದ ಬತ್ತಿ ಕರಗುತ್ತಾ ಹೋಗುತ್ತದೆ, ಸುತ್ತಲಿದ್ದವರು ಇಲ್ಲವಾಗುತ್ತಾರೆ, ಆರಿದ ಬತ್ತಿಯ ಹೊಗೆ ರೈಲಿನ ಹೊಗೆಯಾಗುತ್ತದೆ. ಚಿತ್ರದ ಕೊನೆಯ ಭಾಗದಲ್ಲಿ ಕಾರ್ಖಾನೆಯೊಳಗೆ ಮತ್ತೆ ಸಬ್ಬತ್ ದೀಪ ಹಚ್ಚುವುದನ್ನು ಇದರ ಪಕ್ಕದಲ್ಲಿಟ್ಟು ತೋರಿಸಿ.

ನಮ್ಮೂರಿನ ಯೆಹೂದಿಗಳು ಪರದೆಯಲ್ಲಿ ಎಲ್ಲಿದ್ದಾರೆ?

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಯುರೋಪ್ ಮೂಲದವರ ಅಡುಗೆಮನೆಗಳು. ಇಷ್ಟು ನೋಡಿ ನಿಲ್ಲಿಸಿದರೆ ಯೆಹೂದಿ ಊಟ ಎಂದರೆ ರೈ ಬ್ರೆಡ್ಡು ಎಂದುಕೊಂಡುಬಿಡುತ್ತೀರಿ. ಮುಂಬಯಿಯಲ್ಲಿ ಇರುವ ನಾವು ಹಾಗೆ ನಿಲ್ಲಿಸಬಾರದು. ಮಸ್ಜಿದ್ ಬಂದರಿನ ಹತ್ತಿರದ ಶಾರ್ ಹರಹಮೀಮ್ ಪ್ರಾರ್ಥನಾಲಯ 1796ರದು. ಥಾಣೆಯ ಶಾರ್ ಹಶಾಮಾಯಿಮ್ 1879ರದು. ಕಾಲಾ ಘೋಡಾದ ನೀಲಿ ಕಟ್ಟಡ, ಬಾಗ್ದಾದಿ ಯೆಹೂದಿಗಳ ಕೆನೆಸೆತ್ ಎಲಿಯಾಹೂ, 1884ರದು. ಪುಣೆಯವರಿಗೆ ಅಲ್ಲಿನ ಯೆಹೂದಿ ಪ್ರಾರ್ಥನಾಲಯ ಲಾಲ್ ದೇವಳ್ ಗೊತ್ತೇ ಇರುತ್ತದೆ. ಮಹಾರಾಷ್ಟ್ರ ಸರ್ಕಾರ 2016ರಲ್ಲಿ ಯೆಹೂದಿ ಸಮುದಾಯಕ್ಕೆ ಅಲ್ಪಸಂಖ್ಯಾತ ಮಾನ್ಯತೆ ಕೊಟ್ಟಿತು.

ಹಿಂದಿ ಚಿತ್ರರಂಗದ ಮೊದಲ ತಲೆಮಾರಿನ ತಾರೆಗಳಲ್ಲಿ ಯೆಹೂದಿಗಳು ಎಷ್ಟು ಜನ! ಸುಲೋಚನಾ ಎಂದು ಹೆಸರಾದ ರೂಬಿ ಮೈಯರ್ಸ್, 1947ರಲ್ಲಿ ಮಿಸ್ ಇಂಡಿಯಾ ಆದ ಪ್ರಮೀಳಾ, 'ಶ್ರೀ 420' ಚಿತ್ರದ ನಾದಿರಾ, 'ಬೂಟ್ ಪಾಲಿಶ್' ಚಿತ್ರದ ಜಾನ್ ಚಾಚಾ ಆಗಿದ್ದ ಡೇವಿಡ್. ಡೇವಿಡ್ ಅವರ ಮನೆತನದ ಹೆಸರು ಚೆವುಲ್ಕರ್, ಕೊಂಕಣದ ಚೌಲ್ ಊರಿನದು. ಈ ತಾರೆಯರು ಹಿಂದೂ, ಕ್ರೈಸ್ತ, ಮುಸ್ಲಿಂ ಪಾತ್ರಗಳನ್ನೆಲ್ಲ ಮಾಡಿದರು. ಆದರೆ ಅವರ ಮನೆಯ ಶುಕ್ರವಾರದ ಊಟವನ್ನು ನಾನು ನೋಡಿದ ಯಾವ ಹಿಂದಿ ಚಿತ್ರದಲ್ಲೂ ಕಂಡಿಲ್ಲ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ.

ಕಥೆ ಇಲ್ಲದೆಯೇನಲ್ಲ. ಬೆನೆ ಇಸ್ರೇಲರ ಪೂರ್ವಿಕರ ಹಡಗು ಅಲಿಬಾಗ್ ಹತ್ತಿರದ ನವಗಾಂವ್‌ನಲ್ಲಿ ಒಡೆದು ಏಳು ಜೋಡಿ ಉಳಿದುಕೊಂಡವು ಎಂಬುದು ಅವರ ನಂಬಿಕೆ. ಅವರು ಎಣ್ಣೆ ಗಾಣದ ಕಸುಬು ಹಿಡಿದು, ಶನಿವಾರ ಗಾಣ ನಿಲ್ಲಿಸುತ್ತಿದ್ದ ಕಾರಣ ಊರವರು ಶನಿವಾರ್ ತೇಲಿ, ಅಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಗ್ರಂಥ, ಭಾಷೆ ಎಲ್ಲ ಮರೆತಿತ್ತು. ಎಷ್ಟೋ ಕಾಲದ ಮೇಲೆ ಡೇವಿಡ್ ರಾಹಬಿ ಎಂಬ ಹಿರಿಯ ಬಂದು, ಇವರು ಯೆಹೂದಿಗಳೇ ಎಂದು ಪರೀಕ್ಷಿಸಲು ಹೆಂಗಸರಿಗೆ ಬುಟ್ಟಿ ತುಂಬ ಬೆರಕೆ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದನಂತೆ. ಅವರು ರೆಕ್ಕೆ, ಪೊರೆ ಇಲ್ಲದ್ದನ್ನೆಲ್ಲ ಪಕ್ಕಕ್ಕೆ ತೆಗೆದರು. ಅವನಿಗೆ ಉತ್ತರ ಸಿಕ್ಕಿತು. ಮಾವಶಿ ಇದನ್ನು ಹೇಳುವಾಗ ಎಡಗೈಯಲ್ಲಿ ಬುಟ್ಟಿ ಹಿಡಿದವರಂತೆ ಕೂತು ಬಲಗೈಯಿಂದ ಒಂದೊಂದೇ ಮೀನು ಆಚೆ ಹಾಕಿ ತೋರಿಸಿದರು. ಸಿಗಡಿ, ಏಡಿ ರಾಶಿ ಬೀಳುವ ಕೊಂಕಣ ತೀರದಲ್ಲಿ ಶತಮಾನಗಟ್ಟಲೆ ಅದನ್ನು ಬಿಟ್ಟು ಬದುಕಿದವರ ಕಥೆಯನ್ನು ಯಾರಾದರೂ ಸಿನಿಮಾ ಮಾಡಲಿ ಎಂದು ನನಗೆ ಬಹಳ ಆಸೆ. ನಿಮ್ಮ ಸಂಜೆಯಲ್ಲಿ ಈ ಕಥೆಯನ್ನು ಸಿನಿಮಾಕ್ಕೆ ಮುಂಚೆ ಹೇಳಿ. ಆಮೇಲೆ 'ಆನಿ ಹಾಲ್' ಡೆಲಿಯ ದೃಶ್ಯವೂ ಬೇರೆಯಾಗಿ ಕಾಣುತ್ತದೆ.

ಏನು ಬಡಿಸಬೇಕು

ಬೇಗಲ್ ಹುಡುಕಿಕೊಂಡು ಬಾಂದ್ರಾಕ್ಕೆ ಹೋಗಬೇಡಿ. ಬೆನೆ ಇಸ್ರೇಲರ ಮಾಲಿದಾ ಮಾಡಿ, ಎಲ್ಲ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಹರಕೆ ತೀರಿದಾಗ, ಮದುವೆಗೆ ಮುಂಚೆ, ಹೊಸ ಮನೆ ಹೊಕ್ಕಾಗ ಪ್ರವಾದಿ ಎಲಿಯಾಹು ಹೆಸರಿನಲ್ಲಿ ಅವರು ಇದನ್ನು ಮಾಡುತ್ತಾರೆ. ಆ ಪ್ರವಾದಿಯ ರಥದ ಗುರುತು ಎಂದು ಅವರು ನಂಬುವ ಬಂಡೆ ಅಲಿಬಾಗ್ ಹತ್ತಿರದ ಖಂಡಾಳಾ ಹಳ್ಳಿಯಲ್ಲಿದೆ.

ಹದಿನೈದು ಜನರಿಗೆ ಅರ್ಧ ಕಿಲೋ ದಪ್ಪ ಅವಲಕ್ಕಿ. ಎರಡು ಸಲ ತೊಳೆದು ಜರಡಿಯಲ್ಲಿ ಬಸಿದಿಡಿ. ಬೆರಳಲ್ಲಿ ಒತ್ತಿದರೆ ಕಾಳು ಒಡೆಯಬೇಕು, ಮುದ್ದೆಯಾಗಬಾರದು. ಕಾಲು ಕಿಲೋ ಬೆಲ್ಲವನ್ನು ತೆಂಗಿನತುರಿಯ ಜೊತೆ ಕೈಯಲ್ಲೇ ತಿಕ್ಕಿ, ಬೆಲ್ಲ ಕರಗಿ ತುರಿ ಒದ್ದೆಯಾದ ಮೇಲೆ ಅವಲಕ್ಕಿ ಸೇರಿಸಿ. ಒಂದು ದೊಡ್ಡ ಕಾಯಿ ಸಾಕು. ಏಲಕ್ಕಿ, ಚೂರು ಜಾಯಿಕಾಯಿ, ಸೀಳಿದ ಬಾದಾಮಿ, ಒಣದ್ರಾಕ್ಷಿ. ತಟ್ಟೆಯ ನಡುವೆ ಗುಡ್ಡೆ ಮಾಡಿ ಸುತ್ತ ಖರ್ಜೂರ, ಬಾಳೆಹಣ್ಣು, ಸೇಬು, ಇನ್ನೆರಡು ಹಣ್ಣು ಇಡಿ. ಅವರ ಮನೆಯಲ್ಲಿ ಮರದ ಹಣ್ಣಿಗೆ, ನೆಲದ ಬೆಳೆಗೆ, ಪರಿಮಳಕ್ಕೆ ಒಂದೊಂದಕ್ಕೂ ಬೇರೆ ಪ್ರಾರ್ಥನೆ ಇದೆ. ಅದು ಅವರದು; ನಾವು ಆ ವಿಧಿಯನ್ನು ನಟಿಸಬಾರದು, ತಿಂಡಿ ಮಾತ್ರ ಮಾಡಿ ಹಂಚಿಕೊಳ್ಳೋಣ.

ಕುಡಿಯಲು ಒಣದ್ರಾಕ್ಷಿಯ ಶರಬತ್ತು. ಶುಕ್ರವಾರದ ಪ್ರಾರ್ಥನೆಗೆ ವೈನ್ ಬದಲು ಅವರು ಬಳಸುವುದು ಇದನ್ನೇ. ಕಾಲು ಕಿಲೋ ಕಪ್ಪು ಒಣದ್ರಾಕ್ಷಿ ತೊಳೆದು ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಲ್ಲಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿ. ಸಕ್ಕರೆ ಬೇಡ. ಸಂಜೆಯವರೆಗೆ ಫ್ರಿಜ್ಜಿನಲ್ಲಿಡಿ.

ಇನ್ನಷ್ಟು ಮಾಡುವ ಉತ್ಸಾಹವಿದ್ದರೆ ಅವರ ಹೊಸವರ್ಷಕ್ಕೆ ಆಗುವ ಚೀಕ್ ಹಲ್ವಾ ಇದೆ: ಗೋಧಿ ನೆನೆಸಿ ರುಬ್ಬಿದ ಹಾಲು, ತೆಂಗಿನ ಹಾಲು, ಸಕ್ಕರೆ ಸೇರಿಸಿ ಕೈಬಿಡದೆ ಕಾಯಿಸುವುದು. ಗೋಧಿ ಹಾಲುಬಾಯಿ ಮಾಡಿದವರಿಗೆ ಹದ ತಾನೇ ಗೊತ್ತಾಗುತ್ತದೆ. ಹಸುವಿನ ಹಾಲು ಯಾಕಿಲ್ಲ ಎಂಬುದನ್ನು ನಿಮ್ಮವರಿಂದಲೇ ಹೇಳಿಸಿ: ಮಾಂಸದ ಊಟದ ನಂತರವೂ ತಿನ್ನಬಹುದಾದ ಸಿಹಿ ಬೇಕಲ್ಲ. ಅವರ ಮೀನಿನ ಸಾರು, ಮಟನ್ ಸಾರಿಗೂ ತೆಂಗಿನ ಹಾಲೇ. ಮೊಳಕೆ ಬರಿಸಿ ಸಿಪ್ಪೆ ಹಿದುಕಿದ ವಾಲ್ ಕಾಳಿನ ಬಿರ್ಡಾ, ಜೆರುಸಲೇಮಿನ ದೇವಾಲಯ ನಾಶವಾದದ್ದನ್ನು ನೆನೆದು ಮಾಡುವ ಉಪವಾಸಕ್ಕೆ ಸೇರಿದ ಅಡುಗೆ. ಆ ದಿನಕ್ಕೇ ಅವರು ಬಿರ್ಡ್ಯಾಚಾ ಸಣ್ ಎನ್ನುತ್ತಾರೆ.

ಯೆಹೂದಿ ನೆರೆಯವರನ್ನು ಕರೆಯುವುದಾದರೆ

ಕರೆಯಿರಿ, ಖಂಡಿತ ಕರೆಯಿರಿ. ಶುಕ್ರವಾರ ಸಂಜೆ, ಶನಿವಾರ ಹಗಲು ಬೇಡ, ಭಾನುವಾರವೇ ಒಳ್ಳೆಯದು. ಪಥ್ಯ ಎಲ್ಲರ ಮನೆಯಲ್ಲೂ ಒಂದೇ ಸಮನಾಗಿ ಇರುವುದಿಲ್ಲ, ಹಾಗಾಗಿ ಏನು ಆಗುತ್ತದೆ ಎಂದು ಮೊದಲೇ ಕೇಳಿ. ನಮ್ಮ ಮಾವಶಿಗೆ ಶಾಕಾಹಾರಿ ಮನೆಯಲ್ಲಿ ಆತಂಕವಿಲ್ಲ. ಮೀನು ಮಾಂಸ ಬೇಯಿಸುವ ಮನೆಯಲ್ಲಾದರೆ ಕತ್ತರಿಸದ ಹಣ್ಣು, ಹೊಸ ಪೇಪರ್ ತಟ್ಟೆ, ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಇಟ್ಟರೆ ಅವರು ನಿಶ್ಚಿಂತೆಯಿಂದ ಕೂರುತ್ತಾರೆ. ಅವರಿಂದ ಧರ್ಮದ ಉಪನ್ಯಾಸ ಕೇಳಬೇಡಿ; ಸಿನಿಮಾ ಮುಗಿದ ಮೇಲೆ, ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತೀರಿ ಎಂದಷ್ಟೇ ಕೇಳಿ, ಮಾತು ತಾನಾಗಿ ಬರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಬರುವ ಪೆಸಾಖ್ ಹಬ್ಬದ ದಿನಗಳಲ್ಲಿ ಹುಳಿ ಬಂದ ಗೋಧಿಯ ತಿನಿಸು ಮನೆಯಲ್ಲೇ ಇರಬಾರದೆಂಬ ಕಟ್ಟು ಅವರಿಗಿದೆ. ಪಾವ್, ಖಾರಿ, ಬಿಸ್ಕತ್ತು ಯಾವುದನ್ನೂ ಒಯ್ದು ಕೊಡಬೇಡಿ. ಆ ವಾರದ ಸಿನಿಮಾವನ್ನು ಮುಂದಿನ ಭಾನುವಾರಕ್ಕೆ ಹಾಕಿಕೊಳ್ಳಿ.